ಒಂದೇ ಬಫರಿನಲ್ಲಿ ಇಬ್ಬರ ಇಸಿಜಿ

"ಇಬ್ಬರ ಹೃದಯ ಒಂದೇ ಥರ ಹೊಡ್ಕೊಳ್ಳೋಕೆ ಸಾಧ್ಯನಾ?"

ಡಾಕ್ಟರು ಫೋನಿನಲ್ಲಿ ಕೇಳಿದ ಈ ಪ್ರಶ್ನೆಗೆ ನಮ್ಮ ಮಾಲೀಕರು ನಕ್ಕರು. ತಮಾಷೆ ಅಂದುಕೊಂಡಿದ್ದರು. ಡಾಕ್ಟರು ನಗಲಿಲ್ಲ. ಉಳವಿಯ ಕ್ಲಿನಿಕ್ಕಿನಿಂದ ಹಿಂದಿನ ದಿನ ಬಂದ ಎರಡು ಇಸಿಜಿಗಳು ಅವರ ಎದುರಿಗಿದ್ದವು. ಒಂದು, ಎದೆ ಹಿಡಿದಂತಾಗುತ್ತದೆ ಎಂದು ಬಂದಿದ್ದ ಎಪ್ಪತ್ತು ದಾಟಿದ ರೈತರದ್ದು. ಇನ್ನೊಂದು, ಕಿಡ್ನಿ ಕಲ್ಲಿನ ಆಪರೇಷನ್ನಿಗೆ ಮುಂಚೆ ಪರೀಕ್ಷೆಗೆಂದು ಬಂದ ತರುಣಿಯದ್ದು. ಎರಡರಲ್ಲೂ ಅಲೆಗಳು ಚುಕ್ಕಿ ಬಿಡದೆ ಒಂದೇ ಆಗಿದ್ದವು. ನಡುವೆ ಒಂದು ಕಡೆ ತಾಳ ತಪ್ಪಿದ ಬಡಿತವಿತ್ತು; ಅದೂ ಎರಡರಲ್ಲೂ ಅದೇ ಜಾಗದಲ್ಲಿ.

"ನಿನ್ನೆ ಸಂಜೆ ಅಜ್ಜರದ್ದು ನೋಡಿ ನಾರ್ಮಲ್ ಅಂತ ಹೇಳಿ ಮನೆಗೆ ಕಳಿಸ್ಬಿಟ್ಟಿದೀನಿ. ಇವತ್ತು ಈ ಹುಡುಗೀದು ತೆರೆದು ನೋಡಿದ್ರೆ ಅದೇ ಇಸಿಜಿ. ಈಗ ಹೇಳಿ, ಇದು ಯಾರದ್ದು?"

ಮಾಲೀಕರು ಸ್ಪೀಕರ್ ಹಾಕಿದ್ದರಿಂದ ನನಗೆಲ್ಲ ಕೇಳಿಸಿತು. ಉಳವಿಯ ನರ್ಸಿಗೆ ಆಗಲೇ ಫೋನ್ ಮಾಡಿ, ಆ ಅಜ್ಜನನ್ನು ಹುಡುಕಿಸಿ, ಹಳೆಯ ಪೇಪರ್ ಮೆಷಿನ್ನಿನಲ್ಲಿ ಮತ್ತೆ ತೆಗೆಯಲು ಹೇಳಿದ್ದಾಗಿ ಡಾಕ್ಟರು ತಿಳಿಸಿದರು. ಕಾರಣ ಗೊತ್ತಾಗುವವರೆಗೆ ನಮ್ಮ ಯಂತ್ರವನ್ನು ಯಾರೂ ಮುಟ್ಟಬಾರದು ಎಂದೂ ಹೇಳಿ ಫೋನಿಟ್ಟರು.

ನನಗೆ ಮೊದಲು ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. 'ಇದು ಅವಳ ಆ್ಯಪ್‌ನ ತಪ್ಪೇ' ಎಂದು ಮನಸ್ಸು ಹೇಳಿತು. ಎದೆಯೊಳಗೆ ಏನೋ ತಣ್ಣಗಾಯಿತು.

ಅವಳು ಎಂದರೆ ನನ್ನ ಸಹೋದ್ಯೋಗಿ. ಸೊರಬದವಳು, ನನ್ನದೇ ವಯಸ್ಸು. ನಮ್ಮದು ಶಿಕಾರಿಪುರದ ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿರುವ ಚಿಕ್ಕ ಕಂಪನಿ. ಹಳ್ಳಿಯ ಕ್ಲಿನಿಕ್ಕುಗಳಲ್ಲಿ ಇಸಿಜಿ ತೆಗೆದು, ಟ್ಯಾಬ್ಲೆಟ್ಟಿನ ಮೂಲಕ ಶಿಕಾರಿಪುರದ ಡಾಕ್ಟರಿಗೆ ಕಳಿಸುವ ಪುಟ್ಟ ಯಂತ್ರ ನಮ್ಮದು. ಯಂತ್ರದಿಂದ ಬರುವ ಸಂಕೇತವನ್ನು ಓದಿ, ಕೈ ನಡುಗಿದ್ದು, ಕರೆಂಟಿನ ಗುಂಯ್‌ಗುಡುವಿಕೆ ಎಲ್ಲವನ್ನೂ ಸೋಸಿ, ಶುದ್ಧವಾದ ಅಲೆಯನ್ನು ಬೈಟ್‌ಗಳ ಸಾಲಾಗಿ ಕೊಡುವ ಭಾಗವನ್ನು ನಾನು ಸಿ ಭಾಷೆಯಲ್ಲಿ ಬರೆದಿದ್ದೆ. ಆ ಬೈಟ್‌ಗಳನ್ನು ತೆಗೆದುಕೊಂಡು ತೆರೆಯ ಮೇಲೆ ಅಲೆ ಬಿಡಿಸಿ, ಡಾಕ್ಟರಿಗೆ ಕಳಿಸುವ ಆ್ಯಪನ್ನು ಅವಳು ಡಾರ್ಟ್ ಭಾಷೆಯಲ್ಲಿ ಬರೆದಿದ್ದಳು. ಅವಳು ಸೇರಿದ್ದು ನನಗಿಂತ ಎಷ್ಟೋ ತಡವಾಗಿ. ಸೊರಬದ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕುಳಿತು ಕೆಲಸ ಮಾಡುತ್ತಿದ್ದಳು.

ನನ್ನ ಕೆಲಸಕ್ಕೆ ಮುಖವಿಲ್ಲ. ಅವಳದ್ದು ಮುಖವೇ. ಯಂತ್ರ ಮೊದಲ ಸಲ ನಡೆದಾಗ ಡಾಕ್ಟರು ತೆರೆಯ ಮೇಲೆ ಹಸಿರು ಗೆರೆ ಸ್ವಚ್ಛವಾಗಿ ಓಡುವುದನ್ನು ನೋಡಿ, "ಎಷ್ಟು ಕ್ಲೀನಾಗಿ ಬರುತ್ತಮ್ಮಾ!" ಎಂದು ಅವಳ ಕೈ ಕುಲುಕಿದರು. ಆ ಗೆರೆ ಸ್ವಚ್ಛವಾಗಿದ್ದದ್ದು ನನ್ನ ಸೋಸುವಿಕೆಯಿಂದ. ನಾನು ಪಕ್ಕದಲ್ಲಿ ಕೇಬಲ್ ಹಿಡಿದು ನಿಂತಿದ್ದೆ. ಅವಳು ನನ್ನನ್ನು "ಮಾರಾಯ್ತಿ" ಎಂದು ಏಕವಚನದಲ್ಲಿ ಕರೆಯುತ್ತಿದ್ದಳು. ನಾನು ಮಾತ್ರ "ರೀ", "ನೀವು" ಬಿಟ್ಟಿರಲಿಲ್ಲ. ಹೊಸ ಕ್ಲಿನಿಕ್ಕುಗಳು ಸೇರಿದ ಮೇಲೆ ಇಡೀ ಕೆಲಸಕ್ಕೆ ಒಬ್ಬರನ್ನು ಮುಖ್ಯಸ್ಥರನ್ನಾಗಿ ಮಾಡುವುದಾಗಿ ಮಾಲೀಕರು ಹೇಳಿದ್ದರು. ಯಾರು ಎಂದು ಹೇಳಿರಲಿಲ್ಲ. ಆದರೆ ಈಚೆಗೆ ಮಾತುಮಾತಿಗೂ ಸೊರಬಕ್ಕೆ ಫೋನ್ ಹಚ್ಚುತ್ತಿದ್ದರು.

ಡಾಕ್ಟರ ಫೋನ್ ಬಂದ ತಕ್ಷಣ ನಾನು ಮಾಡಿದ ಮೊದಲ ಕೆಲಸ ನನ್ನ ಕಡೆ ತಪ್ಪಿಲ್ಲ ಎಂದು ತೋರಿಸುವುದು. ಆ್ಯಪನ್ನು ಬದಿಗಿಟ್ಟು, ಬರೀ ಸಿ ಭಾಗಕ್ಕೆ ಎರಡು ಬೇರೆ ಬೇರೆ ಸಂಕೇತ ಕೊಟ್ಟೆ. ಎರಡು ಬೇರೆ ಬೇರೆ ಅಲೆಗಳು ಬಂದವು. ಹಿಂದುಮುಂದು ಮಾಡಿ ಕೊಟ್ಟೆ. ಆಗಲೂ ಸರಿ ಬಂತು. ಮಾಲೀಕರನ್ನು ಕರೆದು ತೋರಿಸಿದೆ.

"ಅಲ್ರೀ, ಹಂಗಾದ್ರೆ ಆ್ಯಪ್‌ನಾಗ ಐತೇನು ತಪ್ಪು?"

"ನೀವೇ ನೋಡಿದ್ರಲ್ಲ ಸರ್."

ಸಂಜೆಯ ಹೊತ್ತಿಗೆ ಸೊರಬದಿಂದ ಅವಳ ಫೋನ್ ಬಂತು. ಅವಳೂ ಇಡೀ ದಿನ ಅದನ್ನೇ ಮಾಡಿದ್ದಳು. ಕ್ಲಿನಿಕ್ಕಿನ ಸಿಬ್ಬಂದಿಯನ್ನೇ ಒಬ್ಬೊಬ್ಬರಾಗಿ ಮಲಗಿಸಿ ಇಸಿಜಿ ತೆಗೆದಿದ್ದಳು. ಎಲ್ಲರದ್ದೂ ಅವರವರದ್ದೇ ಬಂದಿತ್ತು. "ನನ್ನ ಕಡೆ ಎಂತದೂ ಸಿಗ್ಲಿಲ್ಲ ಮಾರಾಯ್ತಿ. ನಿನ್ನ ಕಡೆ?" ಎಂದಳು. ನನ್ನ ಕಡೆ ಎಲ್ಲ ಸರಿ ಇದೆ ಎಂದೆ. ಆ 'ನನ್ನ ಕಡೆ'ಯನ್ನು ಸ್ವಲ್ಪ ಒತ್ತಿಯೇ ಹೇಳಿದೆ.

ಅಷ್ಟರಲ್ಲಿ ಉಳವಿಯ ಅಜ್ಜನ ಸುದ್ದಿ ಬಂತು. ಪೇಪರ್ ಮೆಷಿನ್ನಿನಲ್ಲಿ ತೆಗೆದ ಇಸಿಜಿಯ ಫೋಟೋ ನೋಡಿದ ಕೂಡಲೇ ಡಾಕ್ಟರು ಅವರನ್ನು ಕಾರಿನಲ್ಲಿ ಶಿವಮೊಗ್ಗಕ್ಕೆ ಕಳಿಸಿದ್ದರು. ರಕ್ತನಾಳ ಕಟ್ಟಿಕೊಂಡಿತ್ತು. ಸ್ಟೆಂಟ್ ಹಾಕಿದ್ದರು; ಜೀವಕ್ಕೆ ಅಪಾಯವಿಲ್ಲ ಎಂದಿದ್ದರು. ಮಾಲೀಕರು ಇದನ್ನು ಹೇಳಿ ಕುರ್ಚಿಯಲ್ಲಿ ಕುಳಿತುಬಿಟ್ಟರು. ನನ್ನೊಳಗಿದ್ದ ಆ ತಣ್ಣನೆಯ ಖುಷಿ ಅಲ್ಲಿಗೆ ಹೋಯಿತು. ಹೊಟ್ಟೆಕಿಚ್ಚು ಮಾತ್ರ ಹೋಗಲಿಲ್ಲ. ಎರಡೂ ಬೇರೆ ಬೇರೆ ಎಂದು ನನಗೆ ಆವತ್ತೇ ಗೊತ್ತಾದದ್ದು.

ಕಾರಣ ಕಂಡುಹಿಡಿದದ್ದು ಅವಳು. ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಉಳವಿಗೆ ಹೋಗಿ, ನರ್ಸಿನ ಪಕ್ಕದಲ್ಲಿ ಕುಳಿತು, "ಆವತ್ತು ಹೆಂಗೆ ಮಾಡಿದ್ರೋ ಹಂಗೇ ಮಾಡಿ ತೋರ್ಸಿ" ಎಂದಿದ್ದಳು. ಅಲ್ಲಿಂದಲೇ ನನಗೆ ಫೋನ್ ಮಾಡಿದಳು. ಹಿಂದೆ ನರ್ಸಿನ ದನಿಯೂ ಕೇಳುತ್ತಿತ್ತು: "ಎಂತ ಮಾಡದು ಮೇಡಂ, ನೆಟ್ಟೇ ಬರದಿಲ್ಲ. ಅಜ್ಜಂದು ಹೋಗ್ತಾನೇ ಇತ್ತು, ಚಕ್ರ ತಿರುಗ್ತಾನೇ ಇತ್ತು. ಆ ಹುಡುಗಿ ಬಸ್ಸು ತಪ್ತದೆ ಅಂತು. ಅದಕ್ಕೆ ಅವಳದ್ದೂ ತೆಗ್ದೆ."

"ಕೇಳ್ತಾ? ಮೊದ್ಲಿಂದು ಕಳಿಸೋದು ಮುಗ್ಯೋಕೆ ಮುಂಚೆ ಎರಡ್ನೇದು ತೆಗ್ದಿದಾರೆ. ನಿನ್ನ ಬಫರ್ ಒಂದೇ ಅಲ್ವಾ?"

ನನ್ನ ಕೋಡನ್ನು ತೆರೆದೆ. ಬಫರ್ ಎಂದರೆ ಅಲೆಯ ಬೈಟ್‌ಗಳನ್ನು ಬರೆದಿಡಲು ಮೆಮೊರಿಯಲ್ಲಿ ಕಾದಿರಿಸಿದ ಜಾಗ. ನನ್ನ ಭಾಗದಲ್ಲಿ ಅಂಥದ್ದು ಒಂದೇ ಇತ್ತು. ಪ್ರತಿ ಇಸಿಜಿಯನ್ನೂ ಅದೇ ಜಾಗದಲ್ಲಿ ಬರೆದು, ಆ ಜಾಗದ ವಿಳಾಸವನ್ನು ಆ್ಯಪಿಗೆ ಕೊಡುತ್ತಿದ್ದೆ. ಎರಡು ಭಾಷೆಗಳ ನಡುವೆ ದಾಟುವುದು ಬೈಟ್‌ಗಳಲ್ಲ, ಬರೀ ವಿಳಾಸ. 'ಮುಂದಿನ ಇಸಿಜಿ ಬರುವವರೆಗೆ ಮಾತ್ರ ಈ ವಿಳಾಸ ಮಾನ್ಯ' ಎಂದು ನನ್ನ ಕೋಡಿನಲ್ಲಿ ಬರೆದೂ ಇದ್ದೆ. ಅವಳ ಆ್ಯಪ್ ಆ ವಿಳಾಸದಲ್ಲಿದ್ದದ್ದನ್ನು ತನ್ನ ಕಡೆ ನಕಲು ಮಾಡಿಕೊಳ್ಳದೆ, ಕಿಟಕಿಯಿಂದ ನೋಡಿದಂತೆ ಅಲ್ಲಿಂದಲೇ ನೋಡುತ್ತಿತ್ತು, ಅಲ್ಲಿಂದಲೇ ಕಳಿಸುತ್ತಿತ್ತು. ಸೊರಬದಲ್ಲಿ ನೆಟ್ ಜೋರಾಗಿದ್ದುದರಿಂದ ಎರಡನೆಯವರು ಮಲಗುವ ಮೊದಲೇ ಮೊದಲನೆಯದು ಹೋಗಿ ಮುಟ್ಟುತ್ತಿತ್ತು. ಉಳವಿಯಲ್ಲಿ ಅಜ್ಜನದ್ದು ಹೊರಡುವಷ್ಟರಲ್ಲಿ ಆ ಜಾಗದಲ್ಲಿ ತರುಣಿಯ ಅಲೆ ಬಂದು ಕುಳಿತಿತ್ತು. ಅಜ್ಜನ ಹೆಸರಿನಲ್ಲಿ ಆ ಹುಡುಗಿಯ ಹೃದಯ ಹೋಗಿತ್ತು.

ನನ್ನ ಮಾತು ಸಿದ್ಧವಾಗಿತ್ತು. 'ನಾನು ಬರೆದಿದ್ದೆ, ನೀವು ನಕಲು ಮಾಡಿಕೊಳ್ಳಲಿಲ್ಲ.' ಮಾಲೀಕರ ಎದುರಿಗೇ ಇದನ್ನು ಹೇಳಬೇಕೆಂದು ಮನಸ್ಸಿನಲ್ಲೇ ತಿದ್ದಿ ತೀಡಿ ಇಟ್ಟುಕೊಂಡೆ. ಆದರೆ ಮಧ್ಯಾಹ್ನ ಮೂವರೂ ಫೋನಿನಲ್ಲಿ ಸೇರಿ, "ಯಾರ ತಪ್ಪು ಇದು?" ಎಂದು ಮಾಲೀಕರು ಕೇಳಿದ ಕೂಡಲೇ ಅವಳು, "ನಂದು ಸರ್. ಇವಳು ಬರ್ದಿಟ್ಟಿದ್ಳು. ಓದಿದ್ದೆ. ಆದ್ರೂ ಕಾಪಿ ಮಾಡ್ಲಿಲ್ಲ" ಎಂದುಬಿಟ್ಟಳು.

ನನ್ನ ಬಾಯಿಯ ಮಾತನ್ನು ಅವಳೇ ಆಡಿಬಿಟ್ಟಿದ್ದಳು. ಅದರ ಮೇಲೆ ಮಾಲೀಕರು, "ಇರ್ಲಿ ಬಿಡ್ರಿ, ಕಾರಣ ಹುಡುಕಿದ್ರಲ್ಲ, ಅದು ದೊಡ್ಡದು" ಎಂದರು. ತಪ್ಪು ಒಪ್ಪಿಕೊಂಡವಳಿಗೂ ಹೊಗಳಿಕೆ. ತಪ್ಪಿಲ್ಲದ ನನಗೆ ಏನೂ ಇಲ್ಲ.

ಪರಿಹಾರವನ್ನೂ ಅವಳೇ ಹೇಳಿದಳು. ಪ್ರತಿ ಇಸಿಜಿಗೂ ನಾನು ಮೆಮೊರಿಯಲ್ಲಿ ಹೊಸ ಜಾಗ ತೆಗೆದುಕೊಂಡು, ಅದರಲ್ಲಿ ಬರೆದು ವಿಳಾಸ ಕೊಡುವುದು. ಕಳಿಸಿ ಮುಗಿದ ಮೇಲೆ ಅವಳು ಆ ಜಾಗವನ್ನು ಬಿಟ್ಟುಕೊಡುವುದು. ಜಾಗ ತೆಗೆದುಕೊಂಡ ಭಾಷೆಯೇ ಅದನ್ನು ಬಿಡಬೇಕು. ಇಲ್ಲದಿದ್ದರೆ ಮೆಮೊರಿಯ ಲೆಕ್ಕ ಕೆಡುತ್ತದೆ. ಆದ್ದರಿಂದ ಜಾಗ ಬಿಡುವುದಕ್ಕೂ ನನ್ನ ಕಡೆಯಿಂದಲೇ ಒಂದು ಫಂಕ್ಷನ್, ಎಂದರೆ ಕರೆದಾಗ ಆ ಕೆಲಸ ಮಾಡುವ ಕೋಡಿನ ತುಂಡು, ಬರೆದುಕೊಟ್ಟೆ. ಆ ದಾರಿ ನನಗೆ ಸಮಾಧಾನ ತಂದಿರಲಿಲ್ಲ. ಜಾಗ ತೆಗೆಯುವವರು ಒಬ್ಬರು, ಬಿಡುವವರು ಇನ್ನೊಬ್ಬರು ಎಂದಾಗ ನಡುವೆ ಎಡವಟ್ಟಾಗುವುದು ಸುಲಭ. ಮಾಲೀಕರು ಅಷ್ಟರಲ್ಲೇ ಹೂಂ ಎಂದಿದ್ದರು. ನಾನು ಬಾಯಿ ಬಿಡಲಿಲ್ಲ.

ಕೆಲವು ದಿನಗಳಲ್ಲಿ ಅವಳ ಕಡೆಯದೂ ಮುಗಿಯಿತು. ಸೊರಬದಲ್ಲಿ ಪರೀಕ್ಷೆ ಮಾಡಿದಳು, ಸರಿಯಾಗಿತ್ತು. ಬೇಕೆಂದೇ ನೆಟ್ ನಿಧಾನ ಮಾಡಿ ನೋಡಿದಳು, ಆಗಲೂ ಸರಿಯಾಗಿತ್ತು. ಡಾಕ್ಟರು ಒಪ್ಪಿ, ಉಳವಿಯಲ್ಲಿ ಮತ್ತೆ ಶುರು ಮಾಡಲು ದಿನ ಗೊತ್ತು ಮಾಡಿದರು. ಆ ದಿನ ಬೆಳಿಗ್ಗೆ ಅವಳು ಕೋಡನ್ನು ನನಗೆ ಕಳಿಸಿ, "ಒಂದ್ಸಲ ಕಣ್ಣು ಹಾಯ್ಸು" ಎಂದು ಬರೆದಳು.

ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಲು ಕಾಯುತ್ತಾ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಓದಿದೆ. ಕಳಿಸುವುದು ಯಶಸ್ವಿಯಾದರೆ ಜಾಗ ಬಿಡುತ್ತಿದ್ದಳು. ಸರಿ. ಹೆಚ್ಚು ಹೊತ್ತಾಗಿ, ಕಳಿಸುವುದು ವಿಫಲವಾದರೂ ಜಾಗ ಬಿಡುತ್ತಿದ್ದಳು. ಆದರೆ ವಿಫಲವಾದದ್ದನ್ನು ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕಳಿಸುವ ಸಾಲು ಹಾಗೇ ಉಳಿದಿತ್ತು. ಅಂದರೆ ಬಿಟ್ಟುಕೊಟ್ಟ ಜಾಗದಿಂದಲೇ ಮತ್ತೆ ಕಳಿಸುತ್ತಿತ್ತು. ಬಿಟ್ಟ ಜಾಗವನ್ನು ಮೆಮೊರಿ ಮುಂದಿನವರಿಗೆ ಕೊಟ್ಟಿರುತ್ತದೆ. ಮುಂದಿನವರು ಯಾರು? ಹಾಸಿಗೆಯ ಮೇಲೆ ಮಲಗಿದ ಮುಂದಿನ ರೋಗಿ. ಅದೇ ಅದಲುಬದಲು, ಇನ್ನೊಂದು ಬಾಗಿಲಿನಿಂದ. ಸೊರಬದಲ್ಲಿ ಅವಳು ನೆಟ್ ನಿಧಾನ ಮಾಡಿ ನೋಡಿದ್ದಳೇ ಹೊರತು ಪೂರ್ತಿ ಕಡಿದು ನೋಡಿರಲಿಲ್ಲ. ಉಳವಿಯಲ್ಲಿ ನೆಟ್ ಕಡಿಯುವುದು ದಿನದ ಕತೆ.

ನೋಡಿದ ತಕ್ಷಣ ಫೋನ್ ಮಾಡಬಹುದಿತ್ತು. ಮೆಸೇಜಿಗೆ ಉತ್ತರವಾಗಿ "ನೋಡಿದೆ" ಎಂದಷ್ಟೇ ಬರೆದೆ. ಅದು ಸುಳ್ಳಲ್ಲ. ಉಳವಿಯಲ್ಲಿ, ಮಾಲೀಕರ ಎದುರಿಗೆ, ಪರೀಕ್ಷೆ ಮಾಡುವಾಗ ಅದು ತಾನಾಗಿಯೇ ಬಯಲಾಗಲಿ ಎಂದುಕೊಂಡೆ. ಪರೀಕ್ಷೆ ನಮ್ಮ ನಮ್ಮ ಮೇಲೆಯೇ ತಾನೆ, ರೋಗಿಗಳ ಮೇಲಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡು ಬಸ್ಸು ಹತ್ತಿದೆ. ಸೊರಬದಲ್ಲಿ ಅವಳು ಹತ್ತಿ ನನ್ನ ಪಕ್ಕದಲ್ಲೇ ಕುಳಿತಳು. ಚೀಲದಿಂದ ಚಕ್ಕುಲಿ ತೆಗೆದು ಕೊಟ್ಟಳು. ತಿಂದೆ.

ನಾವು ಉಳವಿಯ ಕ್ಲಿನಿಕ್ಕಿಗೆ ಹೋದಾಗ ಮಾಲೀಕರು ಆಗಲೇ ಬಂದಿದ್ದರು. ಒಳಗಿನ ಹಾಸಿಗೆಯ ಮೇಲೆ ಒಬ್ಬ ಹೆಂಗಸು ಮಲಗಿದ್ದರು. ಉಸಿರು ಕಟ್ಟುತ್ತದೆ ಎಂದು ಬಂದವರು. ಹೊರಗೆ ಬೆಂಚಿನ ಮೇಲೆ ಇನ್ನೂ ಇಬ್ಬರು ಕಾಯುತ್ತಿದ್ದರು. ನರ್ಸು ಎದೆಯ ಮೇಲೆ ತಂತಿಯ ಬಿಲ್ಲೆಗಳನ್ನು ಅಂಟಿಸಲು ಶುರು ಮಾಡಿದ್ದರು.

"ಮೊದ್ಲು ನಮ್ಮಲ್ಲೇ ಯಾರ್ದಾದ್ರೂ ತೆಗ್ಯೋಣ ಅಂತಿದ್ದೆ" ಎಂದಳು ಅವಳು.

"ಡಾಕ್ಟ್ರು ಕಾಯ್ತಾ ಕುಂತಾರಿ" ಎಂದರು ಮಾಲೀಕರು. "ಸೊರಬದಾಗೆ ನೋಡೀರಲ್ಲ, ಮತ್ತೇನ್ರಿ? ನಡೀಲಿ."

ಅವಳು ನನ್ನ ಕಡೆ ನೋಡಿದಳು. ನರ್ಸು ಕೊನೆಯ ಬಿಲ್ಲೆ ಅಂಟಿಸಿ ಟ್ಯಾಬ್ಲೆಟ್ ಕೈಗೆತ್ತಿಕೊಂಡರು. ಟ್ಯಾಬ್ಲೆಟ್ಟಿನ ಮೂಲೆಯಲ್ಲಿ ನೆಟ್ಟಿನ ಗೆರೆ ಒಂದು ಬರುತ್ತಿತ್ತು, ಹೋಗುತ್ತಿತ್ತು. ಹಾಸಿಗೆಯ ಮೇಲಿದ್ದ ಹೆಂಗಸು ತಲೆ ಹೊರಳಿಸಿ, "ನೋವಾಗ್ತದಾ ಅಮ್ಮಾ?" ಎಂದು ಯಾರನ್ನೆಂದು ತಿಳಿಯದೆ ನನ್ನನ್ನೇ ಕೇಳಿದರು.

"ಬೇಡ, ನಿಲ್ಸಿ" ಎಂದೆ. ನನ್ನ ದನಿ ನನಗೇ ಜೋರೆನಿಸಿತು. "ಇವರದ್ದು ಪೇಪರ್ ಮೆಷಿನ್ನಲ್ಲಿ ತೆಗೀರಿ. ಇದರಲ್ಲಿ ಇನ್ನೂ ತಪ್ಪಿದೆ."

ಮಾಲೀಕರ ಮುಖ ಕೆಂಪಾಯಿತು. "ಈಗ ಹೇಳ್ತೀರಲ್ರೀ! ಇಲ್ಲಿಗೆ ಬಂದ ಮ್ಯಾಲೆ?"

ನಾನು ಲ್ಯಾಪ್‌ಟಾಪ್ ತೆಗೆದು ಆ ಸಾಲನ್ನು ಅವಳಿಗೆ ತೋರಿಸಿದೆ. ಓದುತ್ತಾ ಓದುತ್ತಾ ಅವಳ ಕೈ ಬಾಯಿಗೆ ಹೋಯಿತು. "ಅಯ್ಯೋ" ಎಂದಳು. ನರ್ಸು ಪೇಪರ್ ಮೆಷಿನ್ ಎಳೆದುಕೊಂಡರು. ಮಾಲೀಕರು ಹೊರಗೆ ಹೋಗಿ ಡಾಕ್ಟರಿಗೆ ಫೋನ್ ಮಾಡಿದರು. ಬೈಗುಳ ತಿಂದದ್ದು ನಾನು. ಅವಳು ನನ್ನ ಪರ ಮಾತಾಡಿದರೂ ಅವರು ಕೇಳಲಿಲ್ಲ.

ಅದೇ ಕ್ಲಿನಿಕ್ಕಿನ ಔಷಧಿ ಕೋಣೆಯಲ್ಲಿ ಇಬ್ಬರೂ ಕುಳಿತು ಎಲ್ಲವನ್ನೂ ಮೊದಲಿಂದ ಯೋಚಿಸಿದೆವು. ನನ್ನ ಪ್ರಸ್ತಾಪ ಹೀಗಿತ್ತು: ನನ್ನ ಭಾಗ ತನ್ನ ವಿಳಾಸವನ್ನು ಇನ್ನು ಮುಂದೆ ಯಾರಿಗೂ ಕೊಡುವುದಿಲ್ಲ. ಆ್ಯಪೇ ಮೊದಲು 'ಎಷ್ಟು ಬೈಟ್ ಬೇಕು?' ಎಂದು ಕೇಳಲಿ. ಅಷ್ಟು ಜಾಗವನ್ನು ತಾನೇ ತೆಗೆದುಕೊಳ್ಳಲಿ. ಅದರ ವಿಳಾಸವನ್ನೂ ಅಳತೆಯನ್ನೂ ಕೊಡಲಿ. ನಾನು ಅಳತೆ ಮೀರದಂತೆ ಅದರಲ್ಲಿ ಬರೆದು, ಎಷ್ಟು ಬರೆದೆ ಎಂದು ಹೇಳುತ್ತೇನೆ. ಜಾಗ ಸಾಲದಿದ್ದರೆ ಒಂದು ಬೈಟನ್ನೂ ಬರೆಯುವುದಿಲ್ಲ, ಎಷ್ಟು ಬೇಕೆಂದು ಹೇಳಿ ವಾಪಸಾಗುತ್ತೇನೆ. ತೆಗೆದುಕೊಂಡವರೇ ಬಿಡುವವರು. ಗೊಂದಲವೇ ಇಲ್ಲ.

ಹೇಳಿ ಮುಗಿಸಿದಾಗ ಗೆದ್ದಂತೆನಿಸಿತು. ಅವಳು ಪೆನ್ನಿನ ತುದಿ ಕಚ್ಚುತ್ತಾ ಕೇಳಿದಳು: "ಎಷ್ಟು ಬೇಕು ಅಂತ ನಾನು ಕೇಳಿದ್ಮೇಲೆ, ತಗೊಳ್ಳೋಕೆ ಮುಂಚೆ, ನರ್ಸು ಇನ್ನೊಬ್ರದ್ದು ತೆಗೆದ್ರೆ ಎಂತಾಗ್ತದೆ? ಕೇಳಿದ್ದು ಒಬ್ರದ್ದು, ಸಿಕ್ಕಿದ್ದು ಇನ್ನೊಬ್ರದ್ದು ಆಗದಿಲ್ವಾ?"

ಆಗುತ್ತಿತ್ತು. ನಾನು ಅದನ್ನು ಯೋಚಿಸಿರಲಿಲ್ಲ. ಪ್ರತಿ ಇಸಿಜಿಗೂ ಒಂದು ಸಂಖ್ಯೆ ಇರಲಿ, ಎರಡೂ ಸಲ ಆ ಸಂಖ್ಯೆ ಹೇಳಿಯೇ ಕೇಳೋಣ, ಸಂಖ್ಯೆ ತಾಳೆಯಾಗದಿದ್ದರೆ ಏನನ್ನೂ ಕೊಡಬೇಡ ಎಂದಳು. ಅಷ್ಟಕ್ಕೇ ನಿಲ್ಲಲಿಲ್ಲ. ಈ ಜಾಗ ತೆಗೆಯುವುದು, ತುಂಬಿಸುವುದು, ತನ್ನ ಭಾಷೆಯ ಸ್ವಂತ ಪಟ್ಟಿಗೆ ನಕಲು ಮಾಡುವುದು, ಜಾಗ ಬಿಡುವುದು ಎಲ್ಲವನ್ನೂ ಒಂದೇ ಫಂಕ್ಷನ್ನಿನೊಳಗೆ ಮುಗಿಸುತ್ತೇನೆ ಎಂದಳು. ನಡುವೆ ಏನೇ ಎಡವಟ್ಟಾದರೂ ಜಾಗ ಬಿಡುವ ಸಾಲು ನಡೆದೇ ನಡೆಯುತ್ತದೆ. ವಿಳಾಸ ಎನ್ನುವುದು ಆ ಫಂಕ್ಷನ್ನಿನ ಹೊಸಿಲು ದಾಟುವುದೇ ಇಲ್ಲ ಎಂದಳು. ಸರಿಯಾದ ಮಾತು. ನಾನು ಒಂದು ಗೋಡೆ ಕಟ್ಟಿದರೆ ಅವಳು ಅದಕ್ಕೆ ಬಾಗಿಲು, ಚಿಲಕ ಎಲ್ಲ ಇಟ್ಟಿದ್ದಳು. ಅಲ್ಲೇ, ಮಾತ್ರೆ ಡಬ್ಬಿಗಳ ನಡುವೆ ಕುಳಿತು, ಹೊಟ್ಟೆ ಮತ್ತೆ ಉರಿಯಿತು.

ಪರೀಕ್ಷೆಯನ್ನು ಮಾತ್ರ ನಾನೇ ಮಾಡುತ್ತೇನೆ ಎಂದು ಹಟ ಹಿಡಿದೆ. ಅವಳು ಕೊಡುವ ಜಾಗದ ಆಚೆ ಈಚೆ ಗುರುತಿನ ಬೈಟ್‌ಗಳನ್ನು ತುಂಬಿ, ನನ್ನ ಭಾಗ ಬರೆದ ಮೇಲೆ ಅವು ಅಲುಗಾಡಿಲ್ಲವೆಂದು ನೋಡಿದೆ. ಬೇಕೆಂದೇ ಜಾಗ ಕಡಿಮೆ ಕೊಟ್ಟೆ. ಏನೂ ಬರೆಯದೆ ವಾಪಸಾಯಿತು. ಜಾಗ ಬಿಡುವ ಮುನ್ನ ಅದನ್ನೆಲ್ಲ ಅರ್ಥವಿಲ್ಲದ ಬೈಟ್‌ಗಳ ಕಸದಿಂದ ತುಂಬಿಸಿದೆ. ಯಾರಾದರೂ ಇನ್ನೂ ಹಳೆಯ ವಿಳಾಸ ಹಿಡಿದುಕೊಂಡಿದ್ದರೆ ಡಾಕ್ಟರಿಗೆ ಕಸ ಹೋಗಿ ಸಿಕ್ಕಿಬೀಳಬೇಕು. ಹೋಗಲಿಲ್ಲ. ಕೊನೆಗೆ ಉಳವಿಯಲ್ಲೇ ನೆಟ್ ಪೂರ್ತಿ ಆರಿಸಿ, ನರ್ಸು, ಅವಳು, ನಾನು, ಔಷಧಿ ಅಂಗಡಿಯವರು, ಮಾಲೀಕರು ಎಲ್ಲರೂ ಸಾಲಾಗಿ ಮಲಗಿ ಎದ್ದೆವು. ಆಮೇಲೆ ನೆಟ್ ಹಚ್ಚಿದೆವು. ಪೇಪರಿನಲ್ಲಿ ತೆಗೆದದ್ದರ ಜೊತೆ ಡಾಕ್ಟರು ಒಂದೊಂದನ್ನೇ ತಾಳೆ ನೋಡಿ, "ಎಲ್ಲ ಅವರವರದ್ದೇ. ಮಾಲೀಕರಿಗೆ ಸ್ವಲ್ಪ ವಾಕಿಂಗ್ ಮಾಡೋಕೆ ಹೇಳಿ" ಎಂದರು.

ಯಂತ್ರ ಮತ್ತೆ ನಡೆಯತೊಡಗಿತು. ಶಿವಮೊಗ್ಗದಿಂದ ಮನೆಗೆ ಬಂದ ಅಜ್ಜ ಮರುಪರೀಕ್ಷೆಗೆ ಉಳವಿಗೇ ಬಂದು ಅದೇ ಹಾಸಿಗೆಯ ಮೇಲೆ ಮಲಗಿ, "ಈ ಸಲ ನಂದೇ ತೆಗೀರಿ ಮತ್ತೆ" ಎಂದರಂತೆ.

ಮಾಲೀಕರು ಅವಳನ್ನೇ ಮುಖ್ಯಸ್ಥೆಯನ್ನಾಗಿ ಮಾಡಿದರು. ನನಗೆ ಹೇಳುವಾಗ ಕಿಟಕಿಯ ಕಡೆ ನೋಡುತ್ತಿದ್ದರು. "ಒಳ್ಳೇದಾತು ಸರ್" ಎಂದು ಕೆಳಗಿಳಿದು ಬಂದು, ಹಾರ್ಡ್‌ವೇರ್ ಅಂಗಡಿಯ ಮುಂದೆ ಸುಮ್ಮನೆ ನಿಂತೆ. ಅಲ್ಲಿಗೇ ಅವಳ ಫೋನ್ ಬಂತು.

"ಬೇಜಾರಾತಾ?" ಎಂದಳು.

"ಇಲ್ರೀ."

"ಸುಳ್ಳು ಹೇಳ್ಬೇಡ. ಆ ದಿನ ಬೆಳಿಗ್ಗೆನೇ ಗೊತ್ತಾಗಿತ್ತಲ್ಲ ನಿಂಗೆ? 'ನೋಡಿದೆ' ಅಂತ ಬರ್ದಿದ್ಯಲ್ಲ, ಆವಾಗ್ಲೇ?"

ಅಂಗಡಿಯವರು ಪೈಪುಗಳನ್ನು ಇಳಿಸುತ್ತಿದ್ದರು. ಆ ಸದ್ದಿನಲ್ಲಿ ಕೇಳಿಸಲಿಲ್ಲ ಎನ್ನಬಹುದಿತ್ತು.

"ಹೌದು" ಎಂದೆ.

"ಬಸ್ಸಲ್ಲಿ ನಿನ್ನ ಮುಖ ನೋಡಿದ್ರೇ ತಿಳೀತಿತ್ತು, ಏನೋ ಇದೆ ಅಂತ. ಏನು ಅಂತ ಮಾತ್ರ ಗೊತ್ತಾಗ್ಲಿಲ್ಲ." ಅವಳೇ ಮುಂದುವರಿಸಿದಳು. "ಆ ಹೆಂಗಸಿಗೆ ಬಟನ್ ಒತ್ತೋಕೆ ಮುಂಚೆ ಹೇಳಿದ್ಯಲ್ಲ. ಅಷ್ಟು ಸಾಕು ನಂಗೆ. ಆದ್ರೆ ಮುಂದಿನ ಸಲ ಬೆಳಿಗ್ಗೆನೇ ಹೇಳು ಮಾರಾಯ್ತಿ."

ಇಷ್ಟನ್ನೂ ತಿಳಿದುಕೊಂಡು ಇವಳು ಮಾಲೀಕರಿಗೆ ಒಂದು ಮಾತು ಹೇಳಿರಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೆ ಹೇಳದೆ ಇರುತ್ತಿದ್ದೆನೇ? ಗೊತ್ತಿಲ್ಲ. ಅವಳ ತೆರೆಯ ಮೇಲಿನ ಗೆರೆ, ಅವಳ ಹುದ್ದೆ, ಅವಳ ಚುರುಕು ಎಲ್ಲಕ್ಕಿಂತ ಹೆಚ್ಚು ಹೊಟ್ಟೆಕಿಚ್ಚಾದದ್ದು ಆ ಸುಮ್ಮನಿದ್ದುದರ ಮೇಲೆ.

ಕೆಲವು ವಾರಗಳ ನಂತರ ಅವಳು ಹೊಸ ಕೋಡು ಕಳಿಸಿದಳು. ಕಾಫಿ ಲೋಟ ಹಿಡಿದು ಓದುತ್ತಾ ಹೋದೆ. ಒಂದು ಕಡೆ, ಬರೆದ ಬೈಟ್‌ಗಳ ಸಂಖ್ಯೆಯ ಬದಲು ಜಾಗದ ಪೂರ್ತಿ ಅಳತೆಯನ್ನೇ ನಕಲು ಮಾಡುತ್ತಿದ್ದಳು. ಕೊನೆಯಲ್ಲಿ ಕಸ ಅಂಟಿಕೊಳ್ಳುತ್ತಿತ್ತು. ಸಿಕ್ಕಿಬಿದ್ದಳು ಎಂದು ಒಳಗೊಳಗೇ ಖುಷಿಯಾಯಿತು. ಆ ಖುಷಿ ಎಲ್ಲಿಂದ ಬಂತೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಕಾಫಿ ಕೆಳಗಿಟ್ಟು ಫೋನ್ ಹಚ್ಚಿದೆ.

ಆ ಕಡೆಯಿಂದ ನಿದ್ದೆಗಣ್ಣಿನ ದನಿ ಬಂತು. "ಬೆಳಿಗ್ಗೆ ಅಂದ್ರೆ ಇಷ್ಟು ಬೆಳಿಗ್ಗೆನಾ ಮಾರಾಯ್ತಿ!"

"ಏಳೇ, ನಿನ್ನ ಕೋಡಲ್ಲಿ ತಪ್ಪಿದೆ" ಎಂದೆ.